ಮನೆಗೆ ತಕ್ಕ ದನಿ

ಮನೆಯೆಂದ ಮೇಲೆ ಸದ್ದು ಇದ್ದೇ ಇರುತ್ತದೆ. ಕುಕ್ಕರಿನ ಸೀಟಿ, ಮಿಕ್ಸರಿನ ಗರಗರ, ದೂರದರ್ಶನದ ಮಾತು, ಮಕ್ಕಳ ಜಗಳ ಇವೆಲ್ಲವೂ ಸಂಸಾರದ ಸಹಜ ದನಿಗಳು. ನೆರೆಹೊರೆಯವರು ಇವನ್ನು ಸಹಿಸಿಕೊಳ್ಳುತ್ತಾರೆ. ಏಕೆಂದರೆ ಅವರ ಮನೆಯಲ್ಲಿಯೂ ಇವೇ ಸದ್ದುಗಳಿರುತ್ತವೆ. ಆದರೆ ಒಂದು ಮನೆಯಲ್ಲಿ ಮಾತ್ರ ಹುಟ್ಟಿ ನಾಲ್ಕು ಮನೆಗಳಿಗೆ ಹರಡುವ ಸದ್ದಿನ ವಿಚಾರ ಬೇರೆ. ಅದು ಸಂಗೀತವೇ ಆಗಿದ್ದರೂ ಕೇಳಬಯಸದವನ ಕಿವಿಗೆ ಗದ್ದಲವೇ ಸರಿ. ಇಂದು ನಮ್ಮ ಅನೇಕ ಕುಟುಂಬಗಳಲ್ಲಿ ಮಕ್ಕಳು ವಿದ್ಯುತ್ ಗಿಟಾರ್ ಕಲಿಯುತ್ತಿದ್ದಾರೆ. ಅದರೊಡನೆ ವಾಲ್ವಿನ ಆಂಪ್ಲಿಫೈಯರೊಂದು ಮನೆ ಸೇರಿದಾಗ ಏನಾಗುತ್ತದೆ, ಅದರಿಂದ ಸೊಗಸಾದ ದನಿಯನ್ನೂ ನೆರೆಯವರ ನೆಮ್ಮದಿಯನ್ನೂ ಏಕಕಾಲಕ್ಕೆ ಪಡೆಯುವುದು ಸಾಧ್ಯವೇ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಮೂರು ವರ್ಷಗಳ ಕಾಲ ಚರ್ಚೆಯ ವಸ್ತುವಾಗಿತ್ತು. ಅದರಿಂದ ದೊರೆತ ತಿಳಿವಳಿಕೆಯನ್ನು ಓದುಗ ಕುಟುಂಬಗಳ ಮುಂದಿಡುವುದು ಈ ಬರಹದ ಉದ್ದೇಶ.

ನಾವು ಮೂಲತಃ ಹಾವೇರಿ ಕಡೆಯವರು. ಉದ್ಯೋಗದ ನಿಮಿತ್ತ ಮಂಗಳೂರಿಗೆ ಬಂದು ನೆಲೆಸಿದವರು. ನಮ್ಮ ಕಡೆಯ ಮನೆಗಳಲ್ಲಿ ಹಾರ್ಮೋನಿಯಂ, ತಬಲಾ, ಏಕತಾರಿಗಳು ಹೇಗೋ ಹಾಗೆ ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಗಿಟಾರ್. ಇಗರ್ಜಿಯ ಗಾಯನವೃಂದದಲ್ಲಿ, ಮದುವೆಯ ಮುನ್ನಾದಿನದ ರೋಸ್ ಸಮಾರಂಭದಲ್ಲಿ, ಎಲ್ಲೆಡೆಯೂ ಅದರ ತಂತಿಗಳು ಮಿಡಿಯುತ್ತವೆ. ‘ಕೊಂಕಣ್ ಕೋಗುಳ್’ ಎಂದು ಹೆಸರಾದ ವಿಲ್ಫಿ ರೆಬಿಂಬಸ್ (1942–2010) ಅವರ ಹಾಡುಗಳನ್ನು ಗಿಟಾರಿನ ಮೇಲೆ ನುಡಿಸದ ತರುಣರು ಇಲ್ಲಿ ವಿರಳ. 2008ರ ಜನವರಿಯಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯು ನಗರದ ಶಕ್ತಿನಗರದಲ್ಲಿ 40 ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿದ್ದೂ ಇದೇ ಊರಿನಲ್ಲಿ. ಅಷ್ಟೇ ಅಲ್ಲ, ಪಡುವಣದಿಂದ ಬಂದ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕದ್ರಿ ಗೋಪಾಲನಾಥರೂ (1949–2019) ಈ ನೆಲದವರೇ. ಹೊರಗಿನಿಂದ ಬಂದ ವಾದ್ಯವನ್ನು ಮನೆಯ ಮಗುವಿನಂತೆ ಸಾಕುವ ಗುಣ ಈ ಊರಿಗಿದೆ. ಇಂತಹ ಊರಿನಲ್ಲಿ ಬೆಳೆದ ನಮ್ಮ ಮಗ ಹೈಸ್ಕೂಲಿನಲ್ಲಿರುವಾಗಲೇ ಗಿಟಾರಿಗೆ ಮನಸೋತದ್ದು ಆಶ್ಚರ್ಯವೇನಲ್ಲ.

ಅವನ ಕಾಲೇಜು ದಿನಗಳಲ್ಲಿ ಗೆಳೆಯನೊಬ್ಬನ ಕುಟುಂಬವು ಕೆನಡಾಕ್ಕೆ ಹೊರಟು ನಿಂತಿತು. ಆ ಗೆಳೆಯನ ಸೋದರಮಾವ ಹಿಂದೊಮ್ಮೆ ಮಸ್ಕತ್ತಿನಿಂದ ತಂದಿದ್ದ ಆಂಪ್ಲಿಫೈಯರು ಅಲ್ಪ ಬೆಲೆಗೆ ನಮ್ಮ ಮಗನ ಪಾಲಾಯಿತು. ಹದಿನೈದು ವ್ಯಾಟಿನ ಶಕ್ತಿ, ಹನ್ನೆರಡು ಅಂಗುಲದ ಒಂದು ಸ್ಪೀಕರ್, ಹಿಂಬದಿಯಲ್ಲಿ ಸಾಲಾಗಿ ನಿಂತ ಗಾಜಿನ ವಾಲ್ವುಗಳು. ಸ್ವಿಚ್ಚು ಹಾಕಿದ ಸ್ವಲ್ಪ ಹೊತ್ತಿನಲ್ಲಿ ಅವುಗಳೊಳಗೆ ಕೆಂಡದ ಬಣ್ಣ ಮೂಡುತ್ತದೆ.

ಹಿರಿಯ ಓದುಗರಿಗೆ ಈ ವಾಲ್ವು ಅಪರಿಚಿತವಲ್ಲ. ಒಂದು ಕಾಲದಲ್ಲಿ ನಮ್ಮ ಪಡಸಾಲೆಗಳಲ್ಲಿ ಕಸೂತಿ ಬಟ್ಟೆ ಹೊದ್ದು ಕುಳಿತಿರುತ್ತಿದ್ದ ರೇಡಿಯೋಗಳೆಲ್ಲ ವಾಲ್ವಿನವೇ. ಗುಂಡಿ ತಿರುಗಿಸಿದ ಮೇಲೆ ಅದು ಬಿಸಿಯಾಗುವವರೆಗೆ ಕಾದು, ಹಸಿರು ಕಣ್ಣು ತೆರೆದ ನಂತರ ಧಾರವಾಡ ಆಕಾಶವಾಣಿಯನ್ನು ಕೇಳುತ್ತಿದ್ದುದು ಎಷ್ಟೋ ಜನರ ನೆನಪಿನಲ್ಲಿದ್ದೀತು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1960ರ ದಶಕದಲ್ಲಿ ಇಂತಹ ವಾಲ್ವುಗಳನ್ನು ನಮ್ಮ ನಾಡಿನಲ್ಲಿಯೇ ತಯಾರಿಸತೊಡಗಿತ್ತು. ನಮ್ಮ ಮಗನ ಯಂತ್ರದಲ್ಲಿರುವ ‘ಇಎಲ್ 84’ ಎಂಬ ಜಾತಿಯ ವಾಲ್ವೂ ಅಲ್ಲಿ ತಯಾರಾಗಿದ್ದುಂಟು. ಟ್ರಾನ್ಸಿಸ್ಟರು ಬಂದ ಮೇಲೆ ರೇಡಿಯೋಗಳಿಂದ ವಾಲ್ವು ಮರೆಯಾಯಿತು. ಆದರೆ ಗಿಟಾರ್ ವಾದಕರು ಮಾತ್ರ ಅದನ್ನು ಬಿಟ್ಟುಕೊಡಲಿಲ್ಲ. ರಷ್ಯಾ, ಸ್ಲೊವಾಕಿಯಾ, ಚೀನಾ ದೇಶಗಳ ಕಾರ್ಖಾನೆಗಳು ಇಂದಿಗೂ ವಾಲ್ವು ತಯಾರಿಸುತ್ತಿರುವುದಕ್ಕೆ ಈ ವಾದಕರ ಹಟವೂ ಒಂದು ಕಾರಣ.

ಆ ಹಟಕ್ಕೆ ಅರ್ಥವಿದೆ. ವಾಲ್ವಿನ ಒಳಗೆ ಗಾಳಿಯಿಲ್ಲ. ಬಿಸಿಯಾದ ಲೋಹದಿಂದ ಹೊರಟ ಇಲೆಕ್ಟ್ರಾನುಗಳು ಎದುರಿನ ತಗಡಿನ ಕಡೆಗೆ ಧಾವಿಸುತ್ತವೆ. ನಡುವೆ ಜಾಲರಿಯೊಂದಿದೆ. ಗಿಟಾರಿನಿಂದ ಬಂದ ಸಣ್ಣ ಸಂಕೇತವು ಆ ಜಾಲರಿಯ ಮೇಲೆ ಕುಳಿತು, ನಲ್ಲಿಯ ತಿರುಗಣೆ ನೀರನ್ನು ಆಳುವಂತೆ, ದೊಡ್ಡ ಪ್ರವಾಹವನ್ನು ಆಳುತ್ತದೆ. ಮೆಲ್ಲಗೆ ನುಡಿಸಿದಾಗ ಸಂಕೇತವು ಇದ್ದಂತೆಯೇ ಹಿಗ್ಗಿ ಹೊರಬರುತ್ತದೆ. ಜೋರಾಗಿ ನುಡಿಸಿದಾಗ ವಾಲ್ವು ತನ್ನ ಮಿತಿಯನ್ನು ಮುಟ್ಟುತ್ತದೆ. ಅಲೆಯ ನೆತ್ತಿ ದುಂಡಗೆ ಒತ್ತಿದಂತಾಗುತ್ತದೆ. ಹಾಗೆ ಒತ್ತಿದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಹೊಸ ಉಪಸ್ವರಗಳು ಹುಟ್ಟುತ್ತವೆ. ದನಿ ದಪ್ಪವಾಗುತ್ತದೆ, ತುಸು ಗೊಗ್ಗರಾಗುತ್ತದೆ, ಮೀಟಿದ ಸ್ವರ ಬೇಗ ಸಾಯದೆ ನಿಲ್ಲುತ್ತದೆ. ವಾದಕರು ಬಯಸುವುದು ಇದನ್ನೇ. ತೊಡಕಿರುವುದೂ ಇಲ್ಲಿಯೇ: ಈ ಸೊಗಸಿನ ಬಹುಪಾಲು ಯಂತ್ರವು ತನ್ನ ಪೂರ್ಣ ಶಕ್ತಿಯ ಸಮೀಪ ದುಡಿಯುವಾಗ ಮಾತ್ರ ಮೈದೋರುತ್ತದೆ.

ಹದಿನೈದು ವ್ಯಾಟು ಎಂದರೆ ದೀಪದ ಲೆಕ್ಕದಲ್ಲಿ ಅಲ್ಪವೇ. ಆದರೆ ಗಿಟಾರಿನ ಸ್ಪೀಕರುಗಳು ಬಹಳ ಸೂಕ್ಷ್ಮ. ಒಂದೇ ಒಂದು ವ್ಯಾಟು ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 97 ಡೆಸಿಬಲ್ ಸದ್ದು ಮಾಡುತ್ತವೆ. ಹದಿನೈದು ವ್ಯಾಟಿಗೆ ಅದು ಸುಮಾರು 109ಕ್ಕೆ ಏರುತ್ತದೆ. ಶಕ್ತಿಯನ್ನು ಹತ್ತನೆಯ ಒಂದಕ್ಕೆ ಇಳಿಸಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆಯೇ ಹೊರತು ಹತ್ತನೆಯ ಒಂದಾದಂತೆ ಅಲ್ಲ. ಆದುದರಿಂದ “ಇದು ಸಣ್ಣ ಯಂತ್ರ, ಮನೆಗೆ ಸಾಕು” ಎಂಬ ಮಾತನ್ನು ಎಚ್ಚರದಿಂದ ಸ್ವೀಕರಿಸಬೇಕು. ನಮ್ಮ ದೇಶದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿಯನ್ನು ವಿಧಿಸಿವೆ. ಖಾಸಗಿ ವಾದ್ಯದ ಸದ್ದು ಮನೆಯ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಕೂಡದು. ಕಾನೂನಿನ ಮಾತು ಹಾಗಿರಲಿ, ನುಡಿಸುವ ಮಗುವಿನ ಕಿವಿಯ ಗತಿಯೇನು? ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನ ಸಂಸ್ಥೆಯ ಲೆಕ್ಕದಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. 100 ಡೆಸಿಬಲ್‌ಗೆ ಹದಿನೈದೇ ನಿಮಿಷ. ಒಮ್ಮೆ ಕೆಟ್ಟ ಕಿವಿಯ ಒಳನರಗಳು ಮರಳಿ ಚಿಗುರುವುದಿಲ್ಲ ಎಂಬುದನ್ನು ತಂದೆತಾಯಿಗಳು ಮರೆಯಬಾರದು.

ನಮ್ಮ ಕೆಳಗಿನ ಮನೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಇದ್ದಾರೆ. ಇಡೀ ಕಟ್ಟಡದವರು ಅವರನ್ನು ‘ಟೀಚರ್’ ಎಂದೇ ಕರೆಯುವುದು. ಅವರ ಪತಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದರು. ಯಂತ್ರ ಬಂದ ಎರಡನೆಯ ವಾರ ಟೀಚರ್ ಮೇಲೆ ಬಂದು, ಕಾಫಿಯನ್ನೂ ಕುಡಿದು, ಬಹಳ ಸೌಜನ್ಯದಿಂದ ಹೇಳಿದರು: “ನಿಮ್ಮ ಮಗ ಚೆಂದ ನುಡಿಸುತ್ತಾನಂತೆ ಮಾರಾಯ್ರೆ, ಅದಕ್ಕೆ ನಾನು ಎಂತ ಹೇಳುವುದಿಲ್ಲ. ಆದರೆ ನಮಗೆ ಹಾಡು ಕೇಳುವುದೇ ಇಲ್ಲ, ಬರೇ ಗುಂಯ್ ಅಂತ ಬರುತ್ತದೆ. ಇವರ ಮಂಚ ಅದುರುತ್ತದೆ. ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದರೆ ಅದೇ ಇವರ ನಿದ್ರೆ.”

ಆ ರಾತ್ರಿ ಯಂತ್ರವನ್ನು ಮಾರಿಬಿಡುವ ಮಾತು ಮನೆಯಲ್ಲಿ ಬಂತು. ಮಗ ಎದುರಾಡಲಿಲ್ಲ, ಊಟ ಅರ್ಧಕ್ಕೆ ಬಿಟ್ಟು ಎದ್ದ. ಗಿಟಾರ್ ಅವನಿಗೆ ಬರಿಯ ಶೋಕಿಯಾಗಿರಲಿಲ್ಲ. ಮಾತು ಕಡಿಮೆಯಿರುವ ಹುಡುಗ ಅದರ ಮೂಲಕವೇ ಮಾತನಾಡಲು ಕಲಿಯುತ್ತಿದ್ದನೆಂಬುದು ನಮಗೂ ಗೊತ್ತಿತ್ತು. ಆಗ ಬಾಯಿಬಿಟ್ಟವರು ನಮ್ಮ ತಾಯಿಯವರು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಇವರ ಗಾಯನವನ್ನು ಕೇಳಿ ಬೆಳೆದ ಕಿವಿ ಅವರದು. “ಅದರ ದನಿ ತಂಬೂರಿ ಜವಾರಿ ಇದ್ಹಾಂಗ ಐತಲ್ಲೋ ತಮ್ಮಾ. ಆದ್ರ ತಂಬೂರಿ ಯಾರ ಎದಿ ಮ್ಯಾಲೂ ಕುಂದ್ರೂದಿಲ್ಲ. ಹಂಗ ಮಾಡಾಕ ಬರತೈತೇನು ನೋಡು” ಎಂದರು.

ಆ ಮಾತು ಬರಿಯ ಹೋಲಿಕೆಯಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಗೂ ಕುದುರೆಗೂ ನಡುವೆ ನೂಲಿನ ಎಳೆಯೊಂದನ್ನು ಸರಿಸಿ ಸರಿಸಿ ಹದಕ್ಕೆ ತರುತ್ತಾರೆ. ಮಿಡಿದ ತಂತಿ ಕುದುರೆಯ ಇಳಿಜಾರನ್ನು ಸವರುತ್ತ ನಡುಗಿದಾಗ ಉಪಸ್ವರಗಳ ಹೊಳೆಯೇ ಹರಿಯುತ್ತದೆ. ನೂಲು ತೆಗೆದರೆ ಅದೇ ತಂಬೂರಿ ಮಂಕಾಗುತ್ತದೆ. ವಾಲ್ವಿನಲ್ಲಿಯೂ ಬೇರೊಂದು ಬಗೆಯಿಂದ ಕಿವಿಗೆ ಇಂತಹುದೇ ಸುಖ ಒದಗುತ್ತದೆ. ಆದರೆ ತಂಬೂರಿಯ ಸಿರಿ ಗಟ್ಟಿತನವನ್ನು ಅವಲಂಬಿಸಿಲ್ಲ, ಹದವನ್ನು ಅವಲಂಬಿಸಿದೆ. ವಾಲ್ವಿನ ಯಂತ್ರದಲ್ಲಿಯೂ ಅಂತಹ ಹದ ಸಾಧ್ಯವೇ ಎಂದು ಅಂದಿನಿಂದ ತಂದೆಮಗ ಇಬ್ಬರೂ ಹುಡುಕತೊಡಗಿದೆವು.

ಮೊದಲು ಗಮನಿಸಿದ್ದು ಯಂತ್ರವನ್ನಲ್ಲ, ಮನೆಯನ್ನು. ಮಗನ ಗುರುಗಳದು ಬಿಜೈ ಕಡೆಯ ಹಳೆಯ ಮನೆ. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಸುತ್ತಲೂ ತೆಂಗು ಹಲಸುಗಳ ಹಿತ್ತಿಲು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಕರಾವಳಿಗೆ ಕೊಟ್ಟ ಕಾಣಿಕೆ ಅದು. ಅಲ್ಲಿ ಸದ್ದು ಮಾಡಿನ ಸಂದುಗಳಿಂದ ಮೇಲೇರಿ ಹೋಗುತ್ತದೆ, ಹಿತ್ತಿಲಲ್ಲಿ ಕರಗುತ್ತದೆ. ನಮ್ಮದು ಕಾಂಕ್ರೀಟಿನ ಫ್ಲ್ಯಾಟು. ಬರಿಯ ಗೋಡೆ, ನುಣುಪು ನೆಲ. ದನಿ ಅಲ್ಲಿಂದಿಲ್ಲಿಗೆ ಚಿಮ್ಮಿ ಕರ್ಕಶವಾಗುತ್ತದೆ. ಮೊಳಗಿನ ಮಂದ್ರ ಭಾಗವು ನೆಲಕ್ಕಿಳಿದು ಕೆಳಮನೆಯ ಚಾವಣಿಯಾಗಿ ನಡುಗುತ್ತದೆ. ಟೀಚರ್ ಅವರಿಗೆ ಹಾಡು ಕೇಳದೆ ‘ಗುಂಯ್’ ಮಾತ್ರ ಕೇಳಿದ್ದರ ಕಾರಣವಿದು. ತಾರಸ್ವರಗಳನ್ನು ಗೋಡೆ ತಡೆಯುತ್ತದೆ. ಮಂದ್ರವನ್ನು ತಡೆಯುವುದು ಕಷ್ಟ.

ಆದುದರಿಂದ ಯಂತ್ರವನ್ನು ನೆಲದಿಂದ ಎತ್ತಿದೆವು. ಗಟ್ಟಿಯಾದ ಮಣೆಯ ಮೇಲೆ ದಪ್ಪ ರಬ್ಬರಿನ ತುಂಡುಗಳನ್ನಿಟ್ಟು, ಅದರ ಮೇಲೆ ಯಂತ್ರವನ್ನು ಕೂರಿಸಿ, ಮೂಲೆಯಿಂದ ಈಚೆಗೆ ಸರಿಸಿದೆವು. ಮೂಲೆಯಲ್ಲಿಟ್ಟ ಸ್ಪೀಕರು ಮಂದ್ರವನ್ನು ಇಮ್ಮಡಿಸುತ್ತದೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ: ಗಿಟಾರಿನ ಸ್ಪೀಕರು ತಾರಸ್ವರಗಳನ್ನು ದೀಪದ ಕಿರಣದಂತೆ ನೇರವಾಗಿ ಎಸೆಯುತ್ತದೆ. ನೆಲದ ಮೇಲಿಟ್ಟರೆ ಆ ಕಿರಣ ತಗಲುವುದು ನಿಂತವನ ಮೊಣಕಾಲಿಗೆ. ಕಿವಿಗೆ ಮಂಕಾಗಿ ಕೇಳುತ್ತದೆಂದು ಹುಡುಗರು ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾರೆ. ಯಂತ್ರವನ್ನು ತುಸು ಹಿಂದಕ್ಕೆ ವಾಲಿಸಿ ಅದರ ಮುಖ ಕಿವಿಯ ಕಡೆಗಿರುವಂತೆ ಮಾಡಿದಾಗ ಅರ್ಧ ಸದ್ದಿನಲ್ಲಿಯೇ ದನಿ ಸ್ಪಷ್ಟವಾಯಿತು. ಕಿಟಕಿಗೆ ದಪ್ಪ ಪರದೆ, ಗೋಡೆಗೆ ಪುಸ್ತಕದ ಕಪಾಟು, ಎದುರಿಗೆ ಒರಗಿಸಿದ ಹತ್ತಿಯ ಗಾದಿ ಇವುಗಳಿಂದ ಕೋಣೆಯೊಳಗಿನ ಕರ್ಕಶತೆ ತಗ್ಗಿತು. ಆದರೆ ಗಾದಿಯಿಂದ ಸದ್ದು ಹೊರಗೆ ಹೋಗುವುದು ನಿಲ್ಲುತ್ತದೆಂದು ಯಾರೂ ನಂಬಬಾರದು. ಅದು ಕೋಣೆಯನ್ನು ಹದಗೊಳಿಸುತ್ತದೆ, ನೆರೆಯವರನ್ನು ಕಾಯುವುದಿಲ್ಲ.

ಇನ್ನು ಗುಂಡಿಗಳ ಮಾತು. ಅನೇಕ ಯಂತ್ರಗಳಲ್ಲಿ ಎರಡು ಗುಂಡಿಗಳಿರುತ್ತವೆ: ಮೊದಲ ಸಣ್ಣ ವಾಲ್ವುಗಳನ್ನು ದುಡಿಸುವ ‘ಗೇನ್’, ಒಟ್ಟು ಸದ್ದನ್ನು ಆಳುವ ‘ಮಾಸ್ಟರ್’. ಗೇನ್ ಏರಿಸಿ ಮಾಸ್ಟರ್ ಇಳಿಸಿದರೆ ಕಡಿಮೆ ಸದ್ದಿನಲ್ಲಿ ಒಡೆದ ದನಿ ದೊರೆಯುತ್ತದೆ. ಆದರೆ ಅದು ಸಣ್ಣ ವಾಲ್ವುಗಳ ದನಿ ಮಾತ್ರ; ದೊಡ್ಡ ವಾಲ್ವು, ಅದರ ಮುಂದಿನ ಟ್ರಾನ್ಸ್‌ಫಾರ್ಮರ್, ಸ್ಪೀಕರಿನ ಕಾಗದದ ಶಂಕು ಇವು ಮೂರೂ ನಿದ್ರಿಸುತ್ತಲೇ ಇರುತ್ತವೆ. ಆದುದರಿಂದ ದನಿ ನೊಣದ ಗುಂಜಾರವದಂತೆ ತೆಳುವಾಗುವುದುಂಟು. ಗೇನನ್ನು ಅರ್ಧಕ್ಕೆ ಸಾಕೆನಿಸಿ, ಗಿಟಾರಿನ ಮೇಲಿರುವ ಗುಂಡಿಯಿಂದಲೇ ಏರಿಳಿತ ಮಾಡುವುದನ್ನು ಮಗ ರೂಢಿಸಿಕೊಂಡ. ಇದರಿಂದ ಅವನ ಬೆರಳಿನ ನಯವೂ ಹೆಚ್ಚಿತು.

ದೊಡ್ಡ ವಾಲ್ವುಗಳನ್ನು ಎಚ್ಚರಿಸಿಯೂ ಸದ್ದನ್ನು ಇಳಿಸಲು ‘ಅಟೆನ್ಯುಯೇಟರ್’ ಎಂಬ ಪೆಟ್ಟಿಗೆಯುಂಟು. ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ ನಿಂತು, ಬಂದ ಶಕ್ತಿಯ ಬಹುಭಾಗವನ್ನು ಶಾಖವಾಗಿ ತಿಂದು, ಉಳಿದುದನ್ನು ಸ್ಪೀಕರಿಗೆ ಕೊಡುತ್ತದೆ. ಇದನ್ನು ಕೊಳ್ಳುವವರು ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು. ಯಂತ್ರದ ಓಮ್ ಸಂಖ್ಯೆಯೂ ಪೆಟ್ಟಿಗೆಯ ಓಮ್ ಸಂಖ್ಯೆಯೂ ಒಂದೇ ಆಗಿರಬೇಕು. ಯಂತ್ರದ ವ್ಯಾಟಿಗಿಂತ ಹೆಚ್ಚಿನದನ್ನು ತಾಳುವ ಶಕ್ತಿ ಪೆಟ್ಟಿಗೆಗಿರಬೇಕು. ಅದು ಬಿಸಿಯಾಗುವುದರಿಂದ ಮೇಲೆ ಬಟ್ಟೆ ಹೊದಿಸಬಾರದು. ಸದಾ ಪೂರ್ಣ ಶಕ್ತಿಯಲ್ಲಿ ದುಡಿಯುವ ವಾಲ್ವುಗಳು ಬೇಗ ಸವೆಯುತ್ತವೆ ಎಂಬ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟೆಲ್ಲ ಮಾಡಿದರೂ ಮೆಲುದನಿ ಏರುದನಿಯಂತೆಯೇ ಕೇಳುವುದಿಲ್ಲ. ದೋಷ ಯಂತ್ರದ್ದಲ್ಲ. ಸದ್ದು ಕಡಿಮೆಯಾದಂತೆ ಮನುಷ್ಯನ ಕಿವಿಗೆ ಮಂದ್ರವೂ ಅತಿ ತಾರವೂ ಹೆಚ್ಚು ಕ್ಷೀಣವಾಗಿ ಕೇಳುತ್ತವೆಂದು 1933ರಲ್ಲಿಯೇ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಇಲ್ಲಿ ಧರ್ಮಸಂಕಟವೊಂದಿದೆ: ನುಡಿಸುವವನ ಕಿವಿ ಮಂದ್ರ ಸಾಲದೆನ್ನುತ್ತದೆ, ಕೆಳಮನೆಯ ಮಂಚ ಮಂದ್ರ ಬೇಡವೆನ್ನುತ್ತದೆ. ನಮ್ಮ ಮಗ ಮಂಚದ ಪರವಾಗಿ ತೀರ್ಪಿತ್ತ. ಮಂದ್ರದ ಗುಂಡಿಯನ್ನು ಇಳಿಸಿ, ಮಧ್ಯಮವನ್ನು ತುಸು ಏರಿಸಿ, ಸ್ಪೀಕರಿನ ಹತ್ತಿರ ಕುಳಿತು ನುಡಿಸತೊಡಗಿದ. ಗಿಟಾರಿನ ಜೀವವಿರುವುದು ಮಧ್ಯಮದಲ್ಲಿಯೇ ಎಂದು ಕೆಲವು ವಾರಗಳ ನಂತರ ತಾನೇ ಹೇಳಿದ.

ಕೆಲವು ಎಚ್ಚರಿಕೆಗಳು ಅಗತ್ಯ. ಸ್ಪೀಕರನ್ನಾಗಲಿ ಅದಕ್ಕೆ ಸಮನಾದ ಭಾರವನ್ನಾಗಲಿ ಜೋಡಿಸದೆ ವಾಲ್ವಿನ ಯಂತ್ರವನ್ನು ನುಡಿಸಿದರೆ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ರಾತ್ರಿ ಇಯರ್‌ಫೋನಿನಲ್ಲಿ ಅಭ್ಯಾಸ ಮಾಡುವವರು ಅದಕ್ಕೆಂದೇ ಇರುವ ‘ಲೋಡ್ ಬಾಕ್ಸ್’ ಬಳಸಬೇಕು. ಯಂತ್ರದ ಒಳಗೆ 300 ವೋಲ್ಟಿಗೂ ಮೀರಿದ ಒತ್ತಡವಿರುತ್ತದೆ. ಪ್ಲಗ್ ಕಿತ್ತ ನಂತರವೂ ಕೆಪಾಸಿಟರುಗಳಲ್ಲಿ ಅದು ಉಳಿದು ಪ್ರಾಣಕ್ಕೆರವಾಗಬಲ್ಲದು. ಮಕ್ಕಳು ಅದರ ಹಲಗೆ ಬಿಚ್ಚಲು ಎಂದೂ ಬಿಡಬಾರದು. ಅಮೆರಿಕದಿಂದ ತಂದ 120 ವೋಲ್ಟಿನ ಯಂತ್ರವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಬಾರದು. ಮೂರು ಕಡ್ಡಿಯ ಪ್ಲಗ್ಗಿನ ಭೂಸಂಪರ್ಕವನ್ನು ತಪ್ಪಿಸಬಾರದು. ನಮ್ಮ ಕರಾವಳಿಯ ಮಳೆಗಾಲದ ತೇವ ಮತ್ತು ಉಪ್ಪುಗಾಳಿ ಗುಂಡಿಗಳನ್ನೂ ವಾಲ್ವಿನ ಕಾಲುಗಳನ್ನೂ ಕಿಲುಬು ಹಿಡಿಸುತ್ತವೆ. ಕರಕರ ಸದ್ದು ಬಂದಾಗ ಯಂತ್ರವೇ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ, ಬಲ್ಲವರಿಂದ ಶುಚಿ ಮಾಡಿಸಿದರೆ ಸಾಕು.

ಈ ಎಲ್ಲ ಉಪಾಯಗಳಿಗಿಂತ ದೊಡ್ಡದಾದ ಉಪಾಯವೊಂದಿತ್ತು. ಮಗ ತಾನೇ ಕೆಳಗಿಳಿದು ಹೋಗಿ, “ಟೀಚರ್, ಯಾವ ಹೊತ್ತಿಗೆ ನುಡಿಸಲಿ?” ಎಂದು ಕೇಳಿದ. ಮಧ್ಯಾಹ್ನ ಬೇಡ, ಸಂಜೆ ಐದೂವರೆಯಿಂದ ಆರೂವರೆ ಆದೀತು, ಆಗ ಅವರನ್ನು ಕುರ್ಚಿಯಲ್ಲಿ ಕೂರಿಸಿ ಜಗಲಿಗೆ ತರುತ್ತೇವೆ ಎಂದರಂತೆ. ಮೊದಲ ದಿನ ಮಗ ಮೇಲೆ ನುಡಿಸುತ್ತಿದ್ದಾಗ ನಾವು ಕೆಳಗೆ ಹೋಗಿ ಅವರ ಮಂಚದ ಪಟ್ಟಿಯ ಮೇಲೆ ಕೈಯಿಟ್ಟು ನೋಡಿದೆವು. ಅದುರಲಿಲ್ಲ. ಕಿಟಕಿಯಿಂದ ಹಾಡಿನ ಎಳೆಯೊಂದು ಸಣ್ಣಗೆ ಕೇಳುತ್ತಿತ್ತು. “ಈಗ ಇದು ಹಾಡು ಅಂತ ಗೊತ್ತಾಗುತ್ತದೆ” ಎಂದರು ಟೀಚರ್. ಡೆಸಿಬಲ್ ಅಳೆಯುವ ಯಾವ ಮೀಟರಿಗಿಂತಲೂ ಆ ಮಾತು ನಮಗೆ ದೊಡ್ಡ ಪ್ರಮಾಣವಾಯಿತು.

ಮಕ್ಕಳಿಗೆ ಇಂತಹ ಯಂತ್ರ ಕೊಡಿಸುವ ವಿಚಾರದಲ್ಲಿರುವ ತಂದೆತಾಯಿಗಳಿಗೆ ನಮ್ಮ ಸಲಹೆಯಿಷ್ಟು. ವೇದಿಕೆಯ ಕನಸಿಗಲ್ಲ, ಮನೆಯ ಕೋಣೆಗೆ ತಕ್ಕಂತೆ ಆರಿಸಿರಿ. ಒಂದರಿಂದ ಐದು ವ್ಯಾಟಿನ ವಾಲ್ವು ಯಂತ್ರಗಳು ದೊರೆಯುತ್ತವೆ. ಅವೂ ಜೋರೇ, ಆದರೆ ಪಳಗಿಸಲು ಸುಲಭ. ಹಣ ಉಳಿದರೆ ಒಳ್ಳೆಯ ಸ್ಪೀಕರಿಗೆ ವ್ಯಯಿಸಿರಿ. ಮಗು ನುಡಿಸುವಾಗ ಒಮ್ಮೆ ನೆರೆಮನೆಯಲ್ಲಿ ಕುಳಿತು ಕೇಳಿರಿ. “ನಿಲ್ಲಿಸು” ಎಂದು ಗದರುವುದು ಸುಲಭ, “ಹೇಗಾದರೂ ನುಡಿಸಲಿ” ಎಂದು ಕೈಚೆಲ್ಲುವುದೂ ಸುಲಭ. ಇವೆರಡರ ನಡುವೆ ಹದವನ್ನು ಹುಡುಕುವುದು ಕಷ್ಟವಾದರೂ, ಆ ಹುಡುಕಾಟದಲ್ಲಿ ಮಗು ಸಂಗೀತದೊಡನೆ ಇನ್ನೊಂದನ್ನೂ ಕಲಿಯುತ್ತದೆ: ತನ್ನ ದನಿ ಎಲ್ಲಿಯವರೆಗೆ ತಲುಪುತ್ತದೆಂಬ ಅರಿವನ್ನು. ಗಿಟಾರನ್ನು ಮುಂದೆ ಬಿಟ್ಟರೂ ಬಿಟ್ಟಾನು. ಈ ಅರಿವು ಅವನೊಡನೆ ಉಳಿಯುತ್ತದೆ.